ಹಿಡಿ ಕೆಸರು

ಸೊಂಟಕ್ಕೆ ಒಣಗಿದ ಕುಂಬಳಬುರುಡೆ ಕಟ್ಟಿ
ಬಾವಡಿಯ ಹನ್ನೊಂದನೇ ಮೆಟ್ಟಿಲಿಂದ
ಬೆನ್ನಿಗೆ ಕೈಯಿಟ್ಟು ನನ್ನ ನೂಕಿದವನು
ಬಂದೇನವಾಜ ಮಾಮಾ.
ಆಗ ನನಗೆ ಎಂಟು.
ಬುರುಡೆ ಬಿಚ್ಚಿದಾಗ ಹತ್ತು.
ಈಜು ಬಂತೆಂದು ಅವನು ಒಪ್ಪಿದ್ದು ಮಾತ್ರ
ತಳ ಮುಟ್ಟಿ ಬಂದು, ಏದುಸಿರಲ್ಲಿ,
ಅವನೆದುರು ಮುಷ್ಟಿ ಬಿಚ್ಚಿ ಕೆಸರು ತೋರಿಸಿದ ದಿನ.
ಬರಿಗೈಲಿ ಬಂದವರಿಗೆ ಒಂದೇ ಮಾತು:
"ನೀರ ಕಂಡೀಪಾ, ಬಾಂವಿ ಕಾಣಲಿಲ್ಲ."

ಮಾಲ್ಟಾದ ಹಡಗುಕಟ್ಟೆಯಲ್ಲಿ ಎರಡು ವರ್ಷ
ತುಕ್ಕು ಕೆರೆದೆ, ಬೆಸುಗೆ ಹಾಕಿದೆ.
ಸಮುದ್ರವೆಂದರೆ ಅಲ್ಲಿ ನನಗೆ
ಗೋಡೆಯಾಚೆ ಏನೋ ಬಡಿಯುವ ಸದ್ದು.
ಒಂದು ಭಾನುವಾರ ಜೊತೆ ಕೆಲಸದ ವೆನ್ಸು
ಬೆನ್ನಿಗೆ ಗಾಳಿ ಸಿಲಿಂಡರು ಏರಿಸಿದ,
ಸೊಂಟಕ್ಕೆ ಸೀಸದ ಗಟ್ಟಿಗಳ ಪಟ್ಟಿ ಬಿಗಿದ.
ನಗು ಬಂತು.
ತೇಲಲೆಂದು ಬುರುಡೆ ಕಟ್ಟಿಸಿಕೊಂಡ ಸೊಂಟ,
ಈಗ ಮುಳುಗಲೆಂದು ಸೀಸ.
ಅವನದೂ ಒಂದು ಕಾಯ್ದೆ ಇತ್ತು:
ನೋಡು. ಏನನ್ನೂ ಮುಟ್ಟಬೇಡ.

ಹೇಳುತ್ತಿದ್ದೇನೆ. ಅದೇ ಬಾವಡಿ, ಅದೇ ಮಾಮಾ,
ಮೇಲೆ ಇಂಡಿ ರೋಡಿನ ಟಂಟಂ ಗದ್ದಲ.
ಅವನ ಎಡಗಿವಿ ನೀರು ಹೊಕ್ಕು ಹೋಗಿದೆ,
ಬಲಕ್ಕೆ ಕೂತಿದ್ದೇನೆ.
"ಎಷ್ಟ ಆಳ?"
"ಐದಾಳು. ಹೆಚ್ಚಂದ್ರ ಆರು."
"ಅಷ್ಟನ? ನಮ್ಮ ಬಾಂವಿ ಎಂಟಾಳು."
ಗೆದ್ದವನಂತೆ ಎಲೆಗೆ ಸುಣ್ಣ ಸವರಿದ.

ಕತ್ತಲಿಲ್ಲ ಮಾಮಾ, ಅಲ್ಲಿ ಬಿಸಿಲು ತಳದ ತನಕ ಇಳಿದು
ಕಲ್ಲ ಮೇಲೆ ಬಲೆ ನೇಯುತ್ತಿತ್ತು.
ಆಮೇಲೆ ಹುಲ್ಲು.
ಸಂಕ್ರಾಂತಿ ಹೊತ್ತಿಗೆ ಡೋಣಿ ಸಾಲಿನ ಜೋಳ
ಒಮ್ಮೆ ಅತ್ತ ಒಮ್ಮೆ ಇತ್ತ ವಾಲುತ್ತದಲ್ಲ,
ಹಾಗೆ. ಗಾಳಿಯಿಲ್ಲ, ರವದಿಯ ಸಪ್ಪಳವಿಲ್ಲ,
ಅಟ್ಟದ ಮೇಲೆ ಕವಣೆ ಬೀಸುವವನಿಲ್ಲ.
ಕತ್ತರಿ ಬಾಲದ ಕರಿಮೀನು ನೂರಾರು
ಒಂದೇ ಕಡೆ ಮೂತಿ ಮಾಡಿ ನಿಂತಿದ್ದವು,
ಬಸ್ಸು ಬರುವ ದಿಕ್ಕು ನೋಡುವ ಮಂದಿಯಂತೆ.
ಎಳ್ಳುಂಡೆಗೆ ದಬ್ಬಣ ಚುಚ್ಚಿಟ್ಟಂಥ ಮುಳ್ಳುಂಡೆಗಳು.
ಬೆರಳುದ್ದದ ಒಂದು ಮೀನು,
ಮೈಯುದ್ದಕ್ಕೂ ಕಿತ್ತಳೆ ಬಣ್ಣದ ತೋಪತೆನಿ!
ಯಾವ ಮಗ್ಗದ್ದೋ.

ಮತ್ತೆ ಎಂಟು ಕೈಯದು.
ಬಾಯಿಗೆ ಕಲ್ಲು ಅಡ್ಡ ಇಟ್ಟುಕೊಂಡು ಪೊಟರೆಯಲ್ಲಿ,
ಬಾಗಿಲ ಸಂದಿಯಿಂದ ಗುರುತಿಲ್ಲದವರ ನೋಡುವ
ಮುದುಕಿಯಂತೆ ನೋಡಿತು.
ನೋಡುನೋಡುತ್ತ ಕಲ್ಲಿನ ಬಣ್ಣ ಬಂತು,
ಕಲ್ಲಿನ ಒರಟು ಬಂತು.
ಕಳೆದುಹೋಯಿತೆಂದುಕೊಂಡೆ.
ಆಗ ಕಲ್ಲು ಉಸಿರಾಡಿತು.

"ಎಷ್ಟ ಹೊತ್ತ ಇದ್ದಿ?"
"ನಲವತ್ತು ನಿಮಿಷ."
ಮಾಮಾ ನಗಲಿಲ್ಲ.
ಅವನ ಉಸಿರು ನನಗೆ ಗೊತ್ತು, ದಂಡೆಯಲ್ಲಿ ನಿಂತು
ನಾವೆಲ್ಲ ಎಣಿಸುತ್ತಿದ್ದೆವು, ನೂರಾ ನಲವತ್ತರ ತನಕ.
ಅಷ್ಟರಲ್ಲಿ ಅವನು ತಂದದ್ದು
ಬಿಂದಿಗೆ, ತುಂಡಾದ ಹಗ್ಗ, ಗಡಗಡಿ,
ಒಬ್ಬ ಮದುಮಗಳ ಮೂಗುತಿ,
ಎರಡು ಸಲ ಮನುಷ್ಯರನ್ನು.
ತರಲಿಕ್ಕೆ ಏನೂ ಇಲ್ಲದೆ
ಅವನು ಇಳಿದದ್ದು ನನಗೆ ನೆನಪಿಲ್ಲ.

"ತಳದಾಗಿಂದ ಏನ ತಂದಿ, ಸಿದರಾಯಾ?"
ಅಂಗೈ ಬಿಚ್ಚಿದೆ.
ಬೆಸುಗೆ ಕಿಡಿ ಸುಟ್ಟ ಕಲೆ ಮೂರು ನಾಲ್ಕು.
ಅದನ್ನೇ ಹೊರಳಿಸಿ ಹೊರಳಿಸಿ ನೋಡಿದ,
ಎಲ್ಲಾದರೂ ಉಗುರಿನ ಸಂದಿಯಲ್ಲಿ
ಒಂದಿಷ್ಟು ಕೆಸರು ಉಳಿದಿರಬಹುದೆಂಬಂತೆ.

ಲುಂಗಿ ಎತ್ತಿಕಟ್ಟಿ ಎರಡು ಮೆಟ್ಟಿಲು ಇಳಿದ,
ಕೂತ, ಕಾಲು ನೀರಿಗೆ ಬಿಟ್ಟ.
ಹಸಿರು ನೀರು. ಬೇವಿನೆಲೆ. ಯಾರದೋ ಚಪ್ಪಲಿ.
ಕೈ ಎರಡೂ ಕಂಕುಳಲ್ಲಿ ಕಟ್ಟಿಕೊಂಡ,
ಚಳಿಯವನಂತೆ, ಏಪ್ರಿಲ್ ಬಿಸಿಲಲ್ಲಿ.
ಬಹಳ ಹೊತ್ತು.
ಮೊದಲು ಒಂದು ಬಂತು, ಅಕ್ಕಿಕಾಳಿನಷ್ಟು,
ಹಿಮ್ಮಡಿಯ ಬಿರುಕಿಗೆ ಬಾಯಿ ಹಾಕಿತು.
ಆಮೇಲೆ ಆರೇಳು.
ಆಮೇಲೆ ಎಣಿಸಲಾಗಲಿಲ್ಲ.

ಅರವತ್ತು ವರ್ಷ ಈ ಬಾವಿಯ ನೀರಲ್ಲಿದ್ದ ಮನುಷ್ಯ
ಕಾಲು ಅಲುಗಿಸದೆ,
ದನಿ ತಗ್ಗಿಸಿ ಕೇಳಿದ:
"ಇವು ಯಾವಾಗಿಂದ ಅದಾವೋ ಇಲ್ಲಿ?"